ಮಗನ ಎಲುಬುಗಳನ್ನು ಹೊತ್ತ ತಂದೆ

ಹಿಂದೆ ನಿಂತಿರೋರು ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ. ಫೋನ್ ಸೈಲೆಂಟಿಗೆ ಹಾಕಿ.

ಇವತ್ತು ಒಂದು ಶವಪೆಟ್ಟಿಗೆಯಿಂದ ಶುರು ಮಾಡ್ತೇನೆ. ಆದಿಕಾಂಡದ ಕೊನೇ ಅಧ್ಯಾಯ ತೆಗೆದರೆ ಯೋಸೇಫ ಸಾಯುವ ಸಮಯ. ಐಗುಪ್ತದಲ್ಲಿ ಅಷ್ಟು ದೊಡ್ಡ ಅಧಿಕಾರಿ. ಆದರೂ ಅವನು ತನ್ನವರಿಂದ ಒಂದೇ ಒಂದು ಪ್ರಮಾಣ ಮಾಡಿಸಿಕೊಳ್ತಾನೆ, ತನ್ನ ಎಲುಬುಗಳನ್ನು ಆ ದೇಶದಲ್ಲಿ ಬಿಡಬಾರದು ಅಂತ. ಆಮೇಲೆ ವಿಮೋಚನಕಾಂಡ 13 ನೋಡಿ. ಇಡೀ ಜನಾಂಗ ಗಡಿಬಿಡಿಯಲ್ಲಿ ಹೊರಟಿದೆ, ಹಿಟ್ಟು ಹುಳಿಯಾಗುವಷ್ಟೂ ಸಮಯ ಇಲ್ಲ. ಅಂಥದ್ರಲ್ಲೂ ಮೋಶೆ ಆ ಎಲುಬುಗಳನ್ನು ಮರೆಯೋದಿಲ್ಲ. ಯೆಹೋಶುವ 24ಕ್ಕೆ ಬಂದರೆ, ಅವು ಶೆಕೆಮಿನಲ್ಲಿ ಮಣ್ಣು ಸೇರುತ್ತವೆ. ನಾನು ಬೈಬಲ್ ಕಾಲೇಜಿನಲ್ಲಿದ್ದಾಗ ಈ ವಚನಗಳನ್ನು ಬೇಗ ಬೇಗ ಓದಿ ದಾಟಿಬಿಡ್ತಿದ್ದೆ. ಎಲುಬಿನಲ್ಲಿ ಏನಿದೆ, ಆತ್ಮ ಮುಖ್ಯ ಅಂದುಕೊಂಡಿದ್ದೆ.

2021ರಲ್ಲಿ ನಮ್ಮ ದೊಡ್ಡಪ್ಪ ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳು ನಿಮಗೂ ಗೊತ್ತು. ಹಳ್ಳಿಗೆ ತಗೊಂಡು ಹೋಗೋಕೆ ಆಗಲಿಲ್ಲ. ಇಲ್ಲೇ ಊರ ಹೊರಗೆ, ನಾಲ್ಕು ಜನ ನಿಂತು ಮಣ್ಣು ಮಾಡಿದ್ವಿ. ನಾನೇ ಪ್ರಾರ್ಥನೆ ಮಾಡಿದೆ, ಎರಡು ನಿಮಿಷ. ಹಳ್ಳಿಯಲ್ಲಿ ನಮ್ಮ ಅಜ್ಜಿ ಇದ್ದಾರೆ. ಇವತ್ತಿಗೂ ಫೋನ್ ಮಾಡಿದಾಗ ಮಾತಿನ ಮಧ್ಯೆ ಒಂದು ಸಲ ಆ ಮಾತು ಬಂದೇ ಬರುತ್ತೆ: ಅವನನ್ನ ಊರಿಗೆ ತರಲಿಲ್ಲ ನೀವು. ನಾನು ಪುನರುತ್ಥಾನದ ಬಗ್ಗೆ ಹೇಳ್ತೇನೆ. ಅಜ್ಜಿ ಆಮೆನ್ ಅಂತಾರೆ. ಆಮೇಲೆ ಮತ್ತೆ ಅದನ್ನೇ ಕೇಳ್ತಾರೆ.

ಆ ಮೇಲೆ ನಾನು ಈ ಮನುಷ್ಯನ ಬಗ್ಗೆ ಓದಿದೆ. ಹೆಸರು ಸ್ಟ್ಯಾಂಡಿಂಗ್ ಬೇರ್, ಅಂದರೆ ನಿಂತಿರುವ ಕರಡಿ. ಅಮೆರಿಕದ ಮೂಲನಿವಾಸಿಗಳಲ್ಲಿ ಪೊಂಕಾ ಎಂಬ ಚಿಕ್ಕ ಬುಡಕಟ್ಟಿನ ನಾಯಕರಲ್ಲಿ ಒಬ್ಬರು. ಹುಟ್ಟಿದ್ದು ಸುಮಾರು 1829ರಲ್ಲಿ. ಅವರ ಕಾಲದ ಕಾಗದಪತ್ರಗಳಲ್ಲಿ ಇವರನ್ನೆಲ್ಲ ಇಂಡಿಯನ್ ಅಂತ ಬರೆದಿದ್ದಾರೆ. ಅದು ನಾವಲ್ಲ, ಆಯ್ತಾ? ಕೊಲಂಬಸ್ ದಾರಿ ತಪ್ಪಿದ್ದಕ್ಕೆ ಅವರಿಗೆ ಅಂಟಿಕೊಂಡ ಹೆಸರು.

ಈಗಿನ ನೆಬ್ರಾಸ್ಕಾ ರಾಜ್ಯದಲ್ಲಿ ನಯೊಬ್ರಾರಾ ಅಂತ ಒಂದು ನದಿ ಇದೆ. ಅದು ಮಿಸೌರಿ ನದಿಗೆ ಸೇರುವ ಜಾಗದಲ್ಲಿ ಪೊಂಕಾ ಜನ ಇದ್ದರು. ಮೆಕ್ಕೆಜೋಳ ಬೆಳೆಯೋರು, ಬೈಸನ್ ಬೇಟೆಗೆ ಹೋಗೋರು. ನದಿಯ ಮೇಲಿನ ಗುಡ್ಡಗಳಲ್ಲಿ ಅವರ ಹಿರಿಯರ ಸಮಾಧಿಗಳು. ಅಮೆರಿಕ ಸರಕಾರದ ವಿರುದ್ಧ ಅವರು ಒಂದು ಯುದ್ಧವನ್ನೂ ಮಾಡಿದವರಲ್ಲ. ಇದನ್ನು ನೆನಪಿಟ್ಟುಕೊಳ್ಳಿ. 1858ರಲ್ಲಿ ಒಪ್ಪಂದ ಮಾಡಿಕೊಂಡು ತಮ್ಮ ಬಹುಪಾಲು ನೆಲವನ್ನು ಸರಕಾರಕ್ಕೆ ಬಿಟ್ಟುಕೊಟ್ಟು, ನದಿ ಪಕ್ಕದ ಒಂದು ತುಂಡನ್ನು ಉಳಿಸಿಕೊಂಡರು. 1865ರಲ್ಲಿ ಇನ್ನೊಂದು ಒಪ್ಪಂದ ಆಯ್ತು. ಹತ್ತು ವರ್ಷದೊಳಗೆ ಆ ತುಂಡೂ ಹೋಯ್ತು. ಹೇಗೆ? 1868ರಲ್ಲಿ ಫೋರ್ಟ್ ಲಾರಮಿ ಎಂಬಲ್ಲಿ ಸರಕಾರ ಲಕೋಟಾ ಜನರ ಜೊತೆ ಸಂಧಾನ ಮಾಡಿಕೊಂಡಾಗ, ಲಕೋಟಾಗಳಿಗೆ ಬರೆದುಕೊಟ್ಟ ದೊಡ್ಡ ಪ್ರದೇಶದೊಳಗೆ ಪೊಂಕಾ ನೆಲವೂ ಸೇರಿಹೋಯ್ತು. ಪೊಂಕಾ ಜನರನ್ನು ಯಾರೂ ಕೇಳಲಿಲ್ಲ. ನಾಬೋತನ ದ್ರಾಕ್ಷಿತೋಟ ಕಿತ್ತುಕೊಳ್ಳೋಕೆ ಈಜೆಬೆಲಳು ಸುಳ್ಳುಸಾಕ್ಷಿಗಳನ್ನು ಹುಡುಕಬೇಕಾಯ್ತು. ಇಲ್ಲಿ ಅದೂ ಬೇಕಾಗಲಿಲ್ಲ, ನಕ್ಷೆ ಮೇಲಿನ ಒಂದು ಗೆರೆ ಸಾಕಾಯ್ತು.

ತಪ್ಪು ಆಯ್ತು ಅಂತ ಸರಕಾರಕ್ಕೂ ಗೊತ್ತಾಯ್ತು. ಆದರೆ ಗೆರೆಯನ್ನು ತಿದ್ದುವ ಬದಲು ಜನರನ್ನೇ ಎತ್ತಿ ಬೇರೆ ಕಡೆ ಹಾಕೋಣ ಅಂತ ತೀರ್ಮಾನ ಆಯ್ತು. 1876ರಲ್ಲಿ ಅಮೆರಿಕದ ಸಂಸತ್ತು ಇವರನ್ನು ದಕ್ಷಿಣದ ಇಂಡಿಯನ್ ಟೆರಿಟರಿಗೆ, ಅಂದರೆ ಈಗಿನ ಓಕ್ಲಹೋಮಾಕ್ಕೆ ಸಾಗಿಸೋಕೆ ಹಣ ಮಂಜೂರು ಮಾಡಿತು. ಅವರ ಒಪ್ಪಿಗೆ ಇದ್ದರೆ ಮಾತ್ರ ಅಂತ ಅದರಲ್ಲೇ ಬರೆದಿತ್ತು. ಒಪ್ಪಿಗೆ!

1877ರ ಚಳಿಗಾಲದಲ್ಲಿ ಕೆಂಬಲ್ ಎಂಬ ಸರಕಾರಿ ಇನ್ಸ್‌ಪೆಕ್ಟರ್ ಪೊಂಕಾದ ಹತ್ತು ಜನ ಮುಖಂಡರನ್ನು ಹೊಸ ಜಾಗ ತೋರಿಸ್ತೇನೆ ಅಂತ ಕರೆದುಕೊಂಡು ಹೋದ. ಅವರಲ್ಲಿ ವೈಟ್ ಈಗಲ್ ಹಿರಿಯ ಮುಖ್ಯಸ್ಥ. ಸ್ಟ್ಯಾಂಡಿಂಗ್ ಬೇರ್ ಕೂಡ ಇದ್ದರು. ಜಾಗ ನೋಡಿದರು. ಕಲ್ಲುನೆಲ, ಅಲ್ಲಿದ್ದ ಜನ ಜ್ವರದಲ್ಲಿ ಒಣಗಿಹೋಗಿದ್ದರು. ಬೇಡ, ನಮ್ಮನ್ನು ಮನೆಗೆ ಬಿಡಿ ಅಂದರು. ಒಪ್ಪಿಗೆ ಕೊಡದಿದ್ದರೆ ವಾಪಸ್ ಕರೆದುಕೊಂಡು ಹೋಗೋದಿಲ್ಲ ಅಂತ ಕೆಂಬಲ್ ಪಟ್ಟು ಹಿಡಿದ. ಹಣ ಇಲ್ಲ, ಭಾಷೆ ಬರೋದಿಲ್ಲ, ಹಿಮ ಬೀಳ್ತಾ ಇದೆ. ಅವರಲ್ಲಿ ಎಂಟು ಜನ ನಡೆದೇ ಹೊರಟುಬಿಟ್ಟರು. ಸುಮಾರು 800 ಕಿಲೋಮೀಟರ್. ಹುಲ್ಲಿನ ಬಣವೆಗಳಲ್ಲಿ ಮಲಗಿದರು, ಹೊಲದಲ್ಲಿ ಉಳಿದಿದ್ದ ಹಸಿ ಜೋಳ ತಿಂದರು. ವಾರಗಟ್ಟಲೆ ನಡೆದು, ಓಟೋ ಎಂಬ ಇನ್ನೊಂದು ಬುಡಕಟ್ಟಿನವರ ಊರು ಮುಟ್ಟುವಾಗ ಕಾಲಲ್ಲಿ ರಕ್ತ. ಇಷ್ಟು ನಡೆದು ಮನೆಗೆ ಬಂದರೆ, ಅವರಿಗಿಂತ ಮೊದಲೇ ಇನ್ಸ್‌ಪೆಕ್ಟರ್ ಅಲ್ಲಿಗೆ ಬಂದು ಜನರನ್ನು ಹೊರಡಿಸ್ತಾ ಇದ್ದ.

ನಾಯಕತ್ವ ಅಂದರೆ ಏನು ಅಂತ ನಮ್ಮ ಯೂತ್ ಮೀಟಿಂಗುಗಳಲ್ಲಿ ತುಂಬಾ ಮಾತಾಡ್ತೇವೆ. ಮೈಕು, ಸ್ಟೇಜು, ಫಾಲೋವರ್ಸು. ಈ ಎಂಟು ಜನರಿಗೆ ಅವರ ಕಾಲುಗಳು ಮಾತ್ರ ಇದ್ದವು.

1877ರ ಮೇ ತಿಂಗಳಲ್ಲಿ ಸೈನಿಕರು ಬಂದರು. ಏಳುನೂರರ ಹತ್ತಿರ ಜನ, ಎರಡು ತಂಡಗಳಲ್ಲಿ ದಕ್ಷಿಣಕ್ಕೆ. ಆ ವರ್ಷ ಮಳೆ ವಿಪರೀತ. ನೆಲೀ ಎಂಬ ಚಿಕ್ಕ ಊರಿನ ಹತ್ತಿರ ವೈಟ್ ಬಫಲೋ ಗರ್ಲ್ ಎಂಬ ಒಂದೂವರೆ ವರ್ಷದ ಮಗು ಸತ್ತಿತು. ಅಪ್ಪ ಅಮ್ಮ ಅಲ್ಲಿ ನಿಲ್ಲುವ ಹಾಗಿಲ್ಲ, ಮುಂದೆ ಹೋಗಲೇಬೇಕು. ಊರಿನ ಬಿಳಿಯರನ್ನು ಆ ತಂದೆ ಕೇಳಿಕೊಂಡ, ನಿಮ್ಮ ಮಕ್ಕಳ ಸಮಾಧಿ ನೋಡಿಕೊಳ್ಳುವ ಹಾಗೆ ಇದನ್ನೂ ನೋಡಿಕೊಳ್ಳಿ ಅಂತ. ಊರಿನವರು ಒಪ್ಪಿಕೊಂಡರು. ಇವತ್ತಿಗೂ ಆ ಊರಿನ ಸ್ಮಶಾನದಲ್ಲಿ ಆ ಸಮಾಧಿ ಇದೆ, ಹೂ ಇಡ್ತಾರೆ. ಜನವನ್ನು ಓಡಿಸುವ ಕಾನೂನೂ ಅದೇ ದೇಶದ್ದು, ಹೂ ಇಡುವ ಕೈಯೂ ಅದೇ ದೇಶದ್ದು.

ಇನ್ನೂ ಸ್ವಲ್ಪ ದೂರದಲ್ಲಿ, ಜೂನ್ ತಿಂಗಳಲ್ಲಿ, ಮಿಲ್ಫರ್ಡ್ ಎಂಬ ಊರಿನ ಬಳಿ ಸ್ಟ್ಯಾಂಡಿಂಗ್ ಬೇರ್ ಅವರ ಮಗಳು ಪ್ರೇರಿ ಫ್ಲವರ್ ಕ್ಷಯದಿಂದ ತೀರಿಕೊಂಡಳು. ಬಯಲಿನ ಹೂವು ಅಂತ ಆ ಹೆಸರಿನ ಅರ್ಥ. ಅಲ್ಲಿನ ಹೆಂಗಸರು ಬಂದು ಶವಕ್ಕೆ ಬಟ್ಟೆ ಹಾಕಿ ಸಿದ್ಧಮಾಡಿದರು, ಕ್ರೈಸ್ತ ರೀತಿಯಲ್ಲೇ ಮಣ್ಣು ಮಾಡಿದರು. ಅದೇ ಹೊತ್ತಿಗೆ ಸುಂಟರಗಾಳಿ ಎದ್ದು ಡೇರೆ, ಗಾಡಿ ಎಲ್ಲ ಎತ್ತಿ ಬಿಸಾಡಿತು. ಮಗಳನ್ನು ಅಲ್ಲಿ ಬಿಟ್ಟು ತಂದೆ ಮುಂದೆ ನಡೆದರು.

ಜುಲೈನಲ್ಲಿ ಮುಟ್ಟಿದರು. ಮುಟ್ಟಿದ ಕಡೆ ಮನೆ ಇಲ್ಲ. ಬಿತ್ತನೆ ಕಾಲ ಮುಗಿದಿದೆ. ಮಲೇರಿಯಾ. ಮುಂದಿನ ವರ್ಷ ಇನ್ನೊಂದು ಜಾಗಕ್ಕೆ, ಅರ್ಕನ್ಸಾ ನದಿ ಕಡೆಗೆ ಹೋದರು, ಜ್ವರವೂ ಜೊತೆಗೆ ಹೋಯ್ತು. ಎರಡು ವರ್ಷ ತುಂಬುವುದರೊಳಗೆ ಸುಮಾರು ಮೂರರಲ್ಲಿ ಒಂದು ಭಾಗ ಜನ ಸತ್ತುಹೋದರು. ನಮ್ಮ ಸಭೆಯಲ್ಲಿ ಇವತ್ತು ಮೂರು ಸಾಲು ಕೂತಿದ್ದೀರಲ್ಲ, ಅದರಲ್ಲಿ ಒಂದು ಸಾಲು ಪೂರ್ತಿ ಖಾಲಿ ಆದ ಹಾಗೆ ಯೋಚನೆ ಮಾಡಿ.

1878ರ ಡಿಸೆಂಬರಿನಲ್ಲಿ ಸ್ಟ್ಯಾಂಡಿಂಗ್ ಬೇರ್ ಅವರ ಮಗ ಬೇರ್ ಶೀಲ್ಡ್ ಹಾಸಿಗೆ ಹಿಡಿದ. 16 ವರ್ಷ. ಸಾಯುವ ಮುಂಚೆ ಅಪ್ಪನ ಹತ್ತಿರ ಒಂದು ಮಾತು ಕೇಳಿದ: ನನ್ನನ್ನು ಇಲ್ಲಿ ಹೂಣಬೇಡಿ, ನಯೊಬ್ರಾರಾದಲ್ಲಿ ನಮ್ಮ ಹಿರಿಯರ ಜೊತೆ ಮಲಗಿಸಿ. ಅಪ್ಪ ಮಾತು ಕೊಟ್ಟರು. ಅವರು ಬೈಬಲ್ ಓದಿ ಯೋಸೇಫನನ್ನು ಅನುಕರಣೆ ಮಾಡಿದರು ಅಂತ ನಾನು ಹೇಳ್ತಾ ಇಲ್ಲ. ತಂದೆಯ ಎದೆಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆ ಪ್ರದೇಶ ಬಿಟ್ಟು ಹೋಗೋಕೆ ಅಪ್ಪಣೆ ಬೇಕು. ಅಪ್ಪಣೆ ಸಿಗೋದಿಲ್ಲ. 1879ರ ಜನವರಿ 2ರಂದು ಅವರು ಮಗನ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಗಾಡಿ ಹತ್ತಿಸಿದರು. ಹೆಂಗಸರು, ಮಕ್ಕಳು, ಕಾಯಿಲೆಯವರು ಎಲ್ಲ ಸೇರಿ ಸುಮಾರು 30 ಜನ, ಉತ್ತರಕ್ಕೆ. ಎರಡು ತಿಂಗಳು ಚಳಿಯಲ್ಲಿ. ದಾರಿಯ ಬಿಳಿಯ ರೈತರು ಕೆಲವರು ಊಟ ಕೊಟ್ಟರು. ಮಾರ್ಚ್ ಮೊದಲ ವಾರ ಒಮಾಹಾ ಬುಡಕಟ್ಟಿನ ನೆಲಕ್ಕೆ ಬಂದರು. ಅವರು ಹತ್ತಿರದ ನೆಂಟರ ಹಾಗೆ, ಹೆಚ್ಚುಕಡಿಮೆ ಅದೇ ಭಾಷೆ. ಬನ್ನಿ, ನಮ್ಮ ನೆಲದಲ್ಲಿ ಬಿತ್ತನೆ ಮಾಡಿ ಅಂತ ಜಾಗ ಕೊಟ್ಟರು.

ಅಷ್ಟರಲ್ಲಿ ವಾಷಿಂಗ್ಟನ್ನಿಂದ ಆಜ್ಞೆ ಬಂತು. ಒಳಾಡಳಿತ ಮಂತ್ರಿ ಕಾರ್ಲ್ ಶುರ್ಜ್ ಇವರನ್ನು ಹಿಡಿದು ವಾಪಸ್ ಕಳಿಸಿ ಅಂದರು. ಆಜ್ಞೆ ಬಂದದ್ದು ಜನರಲ್ ಜಾರ್ಜ್ ಕ್ರುಕ್ ಕೈಗೆ. ಜೀವನವಿಡೀ ಮೂಲನಿವಾಸಿಗಳ ಜೊತೆ ಯುದ್ಧ ಮಾಡಿದ ಸೇನಾಧಿಕಾರಿ. 26 ಜನರನ್ನು ಹಿಡಿದು ಫೋರ್ಟ್ ಒಮಾಹಾಕ್ಕೆ ತಂದರು. ಕಾಯಿಲೆ ಬಿದ್ದವರು, ಸೊರಗಿದ ಕುದುರೆಗಳು. ಅವರನ್ನು ನೋಡಿದ ಕ್ರುಕ್ ಅವರ ಮನಸ್ಸು ಒಪ್ಪಲಿಲ್ಲ. ಸಮವಸ್ತ್ರ ಹಾಕಿದವನು ಆಜ್ಞೆ ಮೀರೋ ಹಾಗಿಲ್ಲ. ಆದರೆ ಈ ಸುದ್ದಿ ಪತ್ರಿಕೆಗೆ ತಲುಪುವ ಹಾಗೆ ಮಾಡಬಹುದಲ್ಲ? ಒಮಾಹಾ ಡೈಲಿ ಹೆರಾಲ್ಡ್ ಪತ್ರಿಕೆಯ ಸಹಾಯಕ ಸಂಪಾದಕ ಥಾಮಸ್ ಟಿಬ್ಬಲ್ಸ್ ಅವರಿಗೆ ಸುದ್ದಿ ತಲುಪಿತು.

ಟಿಬ್ಬಲ್ಸ್ ಮೊದಲು ಮೆಥೊಡಿಸ್ಟ್ ಬೋಧಕರಾಗಿದ್ದವರು. ಆ ಭಾನುವಾರ ಅವರು ಮಾಡಿದ ಕೆಲಸ ನೋಡಿ. ಕೋಟೆಗೆ ಹೋಗಿ ಸ್ಟ್ಯಾಂಡಿಂಗ್ ಬೇರ್ ಅವರ ಮಾತು ಕೇಳಿದರು. ಅಲ್ಲಿಂದ ಊರಿನ ಚರ್ಚುಗಳಿಗೆ, ಒಂದರಿಂದ ಇನ್ನೊಂದಕ್ಕೆ ಓಡಿದರು. ಆರಾಧನೆ ನಡೀತಾ ಇದ್ದಾಗಲೇ ಐದು ನಿಮಿಷ ಕೇಳಿಕೊಂಡು ಈ ಕಥೆ ಹೇಳಿದರು. ಸಭಾಪಾಲಕರು ಸೇರಿ ಮಂತ್ರಿ ಶುರ್ಜ್‌ಗೆ ತಂತಿ ಕಳಿಸಿದರು. ಇದನ್ನು ಕೇಳಿ ನೀವು ಚಪ್ಪಾಳೆ ತಟ್ಟೋ ಮೊದಲು ಇನ್ನೊಂದು ವಿಷಯವನ್ನೂ ಹೇಳಬೇಕು. ಆ ಕಾಲದಲ್ಲಿ ಬುಡಕಟ್ಟುಗಳ ಆಡಳಿತದ ಏಜೆಂಟರನ್ನು ಆರಿಸುವ ಅಧಿಕಾರವನ್ನು ಅಮೆರಿಕ ಸರಕಾರ ಚರ್ಚು ಪಂಗಡಗಳಿಗೇ ಕೊಟ್ಟಿತ್ತು. ಅಂದರೆ ಚರ್ಚು ಎರಡೂ ಕಡೆ ಇತ್ತು. ಒಮಾಹಾದ ಪೀಠದ ಮೇಲೆ ಕಣ್ಣೀರು, ಅದೇ ಹೊತ್ತಿಗೆ ಬೇರೆ ಕಡೆ ಆಡಳಿತದ ಕಡತಕ್ಕೆ ಆಶೀರ್ವಾದ. ನಾವು ಚರ್ಚಿನ ಇತಿಹಾಸ ಹೇಳುವಾಗ ಮೊದಲನೇದನ್ನು ಮಾತ್ರ ಹೇಳ್ತೇವೆ. ನಾನೂ ಹಾಗೇ ಮಾಡಿದ್ದೇನೆ.

ಶುರ್ಜ್ ಬಗ್ಗಲಿಲ್ಲ. ಆಗ ಇಬ್ಬರು ವಕೀಲರು ಮುಂದೆ ಬಂದರು, ಜಾನ್ ವೆಬ್‌ಸ್ಟರ್ ಮತ್ತು ಆಂಡ್ರೂ ಪಾಪ್ಲ್‌ಟನ್. ಪಾಪ್ಲ್‌ಟನ್ ಆಗ ಯೂನಿಯನ್ ಪೆಸಿಫಿಕ್ ರೈಲ್ವೆಯ ದೊಡ್ಡ ವಕೀಲರು. ಒಂದು ಪೈಸೆ ಫೀಸ್ ಇಲ್ಲದೆ ಕೇಸು ತಗೊಂಡರು. ಹಾಕಿದ್ದು ಹೇಬಿಯಸ್ ಕಾರ್ಪಸ್ ಅರ್ಜಿ. ಲಾ ಓದುತ್ತಿರುವವರು ಇಲ್ಲಿ ಮೂರ್ನಾಲ್ಕು ಜನ ಇದ್ದೀರಿ, ನಿಮಗೆ ಗೊತ್ತು: ಒಬ್ಬರನ್ನು ಹಿಡಿದಿಟ್ಟಿದ್ದರೆ ಯಾವ ಕಾನೂನಿನ ಮೇಲೆ ಹಿಡಿದಿಟ್ಟಿದ್ದೀರಿ, ತಂದು ನಿಲ್ಲಿಸಿ ಹೇಳಿ ಅಂತ ಕೋರ್ಟು ಕೇಳೋದು. ನಮ್ಮ ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲೂ ಅದೇ ಅಸ್ತ್ರ ಇದೆ. ತಮಾಷೆ ಅಂದರೆ, ಕೇಸಿನ ಎದುರಾಳಿಯಾಗಿ ಕಾಗದದಲ್ಲಿ ಹೆಸರು ಬಂದದ್ದು ಜನರಲ್ ಕ್ರುಕ್ ಅವರದೇ. ತಾವು ಸೋಲಲಿ ಅಂತ ಬಯಸಿದ ಪ್ರತಿವಾದಿ.

1879ರ ಮೇ 1 ಮತ್ತು 2ರಂದು ನ್ಯಾಯಾಧೀಶ ಎಲ್ಮರ್ ಡಂಡಿ ಮುಂದೆ ವಿಚಾರಣೆ. ಸರಕಾರಿ ವಕೀಲರ ವಾದ ಸರಳ. ಹೇಬಿಯಸ್ ಕಾರ್ಪಸ್ ಇರೋದು ವ್ಯಕ್ತಿಗಳಿಗೆ. ಈ ಮನುಷ್ಯ ಕಾನೂನಿನ ಅರ್ಥದಲ್ಲಿ ವ್ಯಕ್ತಿಯೇ ಅಲ್ಲ. ಆದ್ದರಿಂದ ಅರ್ಜಿ ಹಾಕುವ ಹಕ್ಕೇ ಇಲ್ಲ. ಕೂಗಿ ಬೈದು ಹೇಳಿದ್ದಲ್ಲ ಇದು. ಶಾಂತವಾಗಿ, ಕಾನೂನು ಪುಸ್ತಕ ಹಿಡಿದುಕೊಂಡು, ಎದುರಿಗೆ ಕೂತಿರುವ ತಂದೆಯನ್ನು ನೋಡಿಕೊಂಡು ಹೇಳಿದ್ದು.

ಎರಡನೇ ದಿನ ವಾದಗಳೆಲ್ಲ ಮುಗಿದ ಮೇಲೆ, ರಾತ್ರಿ, ಸ್ಟ್ಯಾಂಡಿಂಗ್ ಬೇರ್ ಅವರಿಗೆ ಮಾತಾಡೋಕೆ ಅವಕಾಶ ಸಿಕ್ಕಿತು. ಅವರು ಇಂಗ್ಲಿಷ್ ಮಾತಾಡ್ತಿರಲಿಲ್ಲ, ಭಾಷಾಂತರದಲ್ಲೇ ಕೋರ್ಟು ಕೇಳಿತು. ಟಿಬ್ಬಲ್ಸ್ ಅದನ್ನು ಬರೆದಿಟ್ಟಿದ್ದಾರೆ. ಅವರು ಒಂದು ಕೈಯನ್ನು ಎತ್ತಿ ಹಿಡಿದರು. ಈ ಕೈಯ ಬಣ್ಣ ಬೇರೆ, ಆದರೆ ಚುಚ್ಚಿದರೆ ನೋವಾಗುತ್ತೆ, ನಿಮ್ಮ ಕೈಯನ್ನು ಚುಚ್ಚಿದರೂ ಅಷ್ಟೇ ನೋವು, ಬರುವ ರಕ್ತದ ಬಣ್ಣವೂ ಒಂದೇ, ಇಬ್ಬರನ್ನೂ ಮಾಡಿದ ದೇವರೂ ಒಬ್ಬನೇ ಅನ್ನುವ ಅರ್ಥದಲ್ಲಿ ಹೇಳಿದರು. ಆಮೇಲೆ ಒಂದು ಚಿತ್ರ ಕೊಟ್ಟರು. ನೀರು ಏರ್ತಾ ಇದೆ, ಹೆಂಡತಿ ಮಗುವಿನ ಜೊತೆ ಕಡಿದಾದ ಬಂಡೆ ಹತ್ತಿ ದಾರಿ ಹುಡುಕ್ತಾ ಇದ್ದೇನೆ, ದಾರಿ ಸಿಕ್ಕಿತು, ಆದರೆ ಒಬ್ಬ ಮನುಷ್ಯ ಅಡ್ಡ ನಿಂತಿದ್ದಾನೆ. ಅವನು ಬಿಟ್ಟರೆ ಮಾತ್ರ ಬದುಕು. ಹೀಗೆ ಹೇಳಿ ನ್ಯಾಯಾಧೀಶರ ಕಡೆ ತಿರುಗಿ, ಆ ಮನುಷ್ಯ ನೀವೇ ಅಂದರು. ಅಲ್ಲಿ ಅಳದವರು ಕಡಿಮೆ. ಮೊದಲು ಎದ್ದು ಹೋಗಿ ಅವರ ಕೈ ಕುಲುಕಿದವರಲ್ಲಿ ಜನರಲ್ ಕ್ರುಕ್ ಒಬ್ಬರು.

ಮನುಷ್ಯನನ್ನು ದೇವರ ಸ್ವರೂಪದಲ್ಲಿ ಸೃಷ್ಟಿ ಮಾಡಿದರು ಅಂತ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಪಾಠವನ್ನು ಕೋರ್ಟಿನಲ್ಲಿ ಕೈ ಎತ್ತಿ ನೆನಪಿಸಬೇಕಾದ ಸ್ಥಿತಿಗೆ, ಅದೇ ಬಾಯಿಪಾಠ ಮಾಡಿದ ಜನರೇ ಒಬ್ಬರನ್ನು ತಂದು ನಿಲ್ಲಿಸಿದ್ದರು.

ಮೇ 12ರಂದು ತೀರ್ಪು. ಇಂಡಿಯನ್ ಒಬ್ಬನೂ ಕಾನೂನಿನ ಅರ್ಥದಲ್ಲಿ ವ್ಯಕ್ತಿಯೇ, ಹೇಬಿಯಸ್ ಕಾರ್ಪಸ್ ಅವನಿಗೂ ಉಂಟು, ಶಾಂತಿಯ ಕಾಲದಲ್ಲಿ ಇವರನ್ನು ಬಲವಂತದಿಂದ ಇಂಡಿಯನ್ ಟೆರಿಟರಿಗೆ ಸಾಗಿಸೋಕೆ ಅಧಿಕಾರ ಇಲ್ಲ, ಬಿಟ್ಟುಬಿಡಿ ಅಂತ ಡಂಡಿ ಬರೆದರು. ಅಮೆರಿಕದ ಕೋರ್ಟು ಇಷ್ಟು ಸ್ಪಷ್ಟವಾಗಿ ಇದನ್ನು ಹೇಳಿದ್ದು ಅದೇ ಮೊದಲು. ಸ್ಟ್ಯಾಂಡಿಂಗ್ ಬೇರ್ ಬಿಡುಗಡೆ ಆದರು. ಮಗನ ಎಲುಬುಗಳನ್ನು ನಯೊಬ್ರಾರಾಕ್ಕೆ ಒಯ್ದು ಹೂಣಿದರು.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿರುತ್ತೆ. ಒಳ್ಳೇ ಸಾಕ್ಷಿ ಆಗುತ್ತೆ. ಆದರೆ ಮುಗಿಯಲಿಲ್ಲ, ನಾನು ಮುಗಿಸಿದರೆ ನಿಮಗೆ ಮೋಸ.

ಆ ತೀರ್ಪಿನಲ್ಲಿ ಒಂದು ಮುಳ್ಳಿತ್ತು. ಸ್ಟ್ಯಾಂಡಿಂಗ್ ಬೇರ್ ಮತ್ತು ಜೊತೆಗಿದ್ದವರು ತಮ್ಮ ಬುಡಕಟ್ಟಿನಿಂದ ಬೇರೆ ಆಗಿ ಬಂದವರು ಅನ್ನುವ ಆಧಾರದ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿದ್ದು. ಹಿಂದೆ ಉಳಿದ ನೂರಾರು ಪೊಂಕಾ ಜನರಿಗೆ ಅದರಿಂದ ಬಾಗಿಲು ತೆರೆಯಲಿಲ್ಲ. ಸ್ಟ್ಯಾಂಡಿಂಗ್ ಬೇರ್ ಅವರ ತಮ್ಮ ಬಿಗ್ ಸ್ನೇಕ್ ದಕ್ಷಿಣದಲ್ಲೇ ಇದ್ದರು. ಅಣ್ಣನಿಗೆ ಸಿಕ್ಕ ಸ್ವಾತಂತ್ರ್ಯ ತನಗೂ ಉಂಟು ಅಂತ ನಂಬಿ ಅಪ್ಪಣೆ ಇಲ್ಲದೆ ಆ ಜಾಗ ಬಿಟ್ಟು ಹೊರಟರು. ವಾಪಸ್ ತಂದರು. 1879ರ ಅಕ್ಟೋಬರ್ 31ರಂದು ಅವರನ್ನು ಬಂಧಿಸೋಕೆ ಹೋದಾಗ, ಏಜೆಂಟನ ಕಚೇರಿಯೊಳಗೇ ಸೈನಿಕರ ಗುಂಡಿಗೆ ಸತ್ತರು. ಅಣ್ಣ ಆಗ ಪೂರ್ವದ ನಗರಗಳಲ್ಲಿ ಸಭೆ ಸಭೆಗೆ ಹೋಗಿ ತನ್ನ ಜನರ ಕಥೆ ಹೇಳ್ತಾ ಇದ್ದರು.

ಆ ಪ್ರವಾಸದಲ್ಲಿ ಅವರ ಜೊತೆ ಟಿಬ್ಬಲ್ಸ್ ಇದ್ದರು. ಭಾಷಾಂತರಕ್ಕೆ ಒಮಾಹಾ ಬುಡಕಟ್ಟಿನ ಯುವತಿ ಸುಸೆಟ್ ಲಾ ಫ್ಲೆಶ್, ಜೊತೆಗೆ ಅವಳ ತಮ್ಮ ಫ್ರಾನ್ಸಿಸ್. ಸುಸೆಟ್‌ಗೆ ಆಗ ಇಪ್ಪತ್ತೈದು ವರ್ಷ, ನಿಮ್ಮ ವಯಸ್ಸೇ. ಬಾಸ್ಟನ್‌ನಲ್ಲಿ ಇವರ ಮಾತು ಕೇಳಿದ ಹೆಲೆನ್ ಹಂಟ್ ಜಾಕ್ಸನ್ ಎಂಬ ಲೇಖಕಿ 1881ರಲ್ಲಿ ಸರಕಾರದ ಮಾತುತಪ್ಪುವಿಕೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಸಂಸತ್ತು ಪೊಂಕಾ ಜನರಿಗೆ 1,65,000 ಡಾಲರ್ ಪರಿಹಾರ ಕೊಟ್ಟಿತು. ಸ್ಟ್ಯಾಂಡಿಂಗ್ ಬೇರ್ ಗುಂಪಿಗೆ ನೆಬ್ರಾಸ್ಕಾದಲ್ಲೇ ಇರೋಕೆ ನೆಲ ಸಿಕ್ಕಿತು.

ವೈಟ್ ಈಗಲ್? ಅವರು ವಾಪಸ್ ಬರಲಿಲ್ಲ. ಬದುಕಿ ಉಳಿದ ಬಹುಪಾಲು ಜನ ಅಲ್ಲೇ ಇದ್ದರು. ಸಾಯುವಷ್ಟು ಜನ ಸತ್ತಾಗಿತ್ತು, ಹೊಸ ನೆಲದಲ್ಲಿ ಅಷ್ಟಿಷ್ಟು ಬೆಳೆ ಏಳ್ತಾ ಇತ್ತು. ಇನ್ನೊಂದು ಸಲ ಅವರನ್ನೆಲ್ಲ ದಾರಿಗೆ ಹಾಕೋದು ಬೇಡ ಅಂತ ಅಲ್ಲೇ ಉಳಿಯುವ ಕಾಗದಕ್ಕೆ ಒಪ್ಪಿದರು. ಕೆಲವರು ಇದನ್ನು ಸೋಲು ಅಂತ ಓದ್ತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಒಬ್ಬ ನಾಯಕ ಒಬ್ಬ ಮಗನಿಗಾಗಿ ಹೊರಟರು, ಇನ್ನೊಬ್ಬ ನಾಯಕ ಐನೂರು ಜನರಿಗಾಗಿ ಕೂತರು. ನಾನು ಕುರುಬನಾಗಿದ್ದರೆ ಯಾವುದನ್ನು ಮಾಡ್ತಿದ್ದೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ. ಆ ಬುಡಕಟ್ಟು ಇವತ್ತಿಗೂ ಎರಡಾಗೇ ಇದೆ, ನೆಬ್ರಾಸ್ಕಾದಲ್ಲಿ ಒಂದು, ಓಕ್ಲಹೋಮಾದಲ್ಲಿ ಒಂದು. ನೆಬ್ರಾಸ್ಕಾದವರ ಮಾನ್ಯತೆಯನ್ನು 1960ರ ದಶಕದಲ್ಲಿ ಸರಕಾರ ರದ್ದು ಮಾಡಿತ್ತು, 1990ರಲ್ಲಿ ವಾಪಸ್ ಸಿಕ್ಕಿತು.

ಸ್ಟ್ಯಾಂಡಿಂಗ್ ಬೇರ್ ನಯೊಬ್ರಾರಾದ ದಡದಲ್ಲಿ ಬೇಸಾಯ ಮಾಡಿಕೊಂಡು ಬದುಕಿದರು. ತಮಗಾಗಿ ವಾದ ಮಾಡಿದ ವೆಬ್‌ಸ್ಟರ್ ಅವರಿಗೆ ಕೊಡೋಕೆ ಹಣ ಇರಲಿಲ್ಲ, ತಮ್ಮ ಹಿರಿಯರಿಂದ ಬಂದ ಕೊಡಲಿಯನ್ನು ಕೊಟ್ಟಿದ್ದರು. ಅದು ಕೈ ಬದಲಾಯಿಸುತ್ತಾ ಹಾರ್ವರ್ಡಿನ ಮ್ಯೂಸಿಯಂ ಸೇರಿ, 2022ರಲ್ಲಿ ಪೊಂಕಾ ಜನರ ಕೈಗೆ ವಾಪಸ್ ಬಂತು. 2019ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನೆಬ್ರಾಸ್ಕಾದ ಪರವಾಗಿ ಅವರ ಪ್ರತಿಮೆ ನಿಲ್ಲಿಸಿದರು. ಅವರನ್ನು ಸಾಗಿಸೋಕೆ ಹಣ ಮಂಜೂರು ಮಾಡಿದ್ದೂ ಅದೇ ಭವನ. ಅವರು 1908ರಲ್ಲಿ ತೀರಿಕೊಂಡರು, ಅದೇ ನದಿಯ ಸೀಮೆಯಲ್ಲಿ ಮಣ್ಣಾದರು.

ಹೋದ ವಾರ ನಮ್ಮ ಅಜ್ಜಿಗೆ ಫೋನಿನಲ್ಲಿ ಈ ಕಥೆ ಹೇಳಿದೆ. ಅರ್ಧ ಗಂಟೆ. ಕೋರ್ಟು, ಜಡ್ಜು, ತೀರ್ಪು ಎಲ್ಲ ಹೇಳಿದೆ. ಅದ್ಯಾವುದೂ ಅಜ್ಜಿಗೆ ಬೇಕಾಗಿರಲಿಲ್ಲ. ಮಧ್ಯದಲ್ಲೇ ತಡೆದು ಒಂದೇ ಮಾತು ಕೇಳಿದರು, ಆ ಹುಡುಗ ಊರು ಮುಟ್ಟಿದನಾ ಅಂತ.

ಮುಟ್ಟಿದ ಅಜ್ಜಿ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಸರಿ, ಊಟ ಆಯ್ತಾ ಅಂದರು.

ಎದ್ದು ನಿಲ್ಲೋಣ. ತಮ್ಮವರನ್ನು ದೂರದ ಮಣ್ಣಿನಲ್ಲಿ ಬಿಟ್ಟು ಬಂದವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ಸಂಗೀತ ಬೇಡ ತಮ್ಮಾ, ಕೀಬೋರ್ಡ್ ಸ್ವಲ್ಪ ನಿಲ್ಲಿಸು. ಒಂದು ನಿಮಿಷ ಮೌನವಾಗಿರೋಣ, ಆಮೇಲೆ ಪ್ರಾರ್ಥನೆ ಮಾಡೋಣ.